ಹಾದಿ ತೋರುವವನೇ ಅಂಗಡಿ ಹೂಡಿದಾಗ

(ಶೋಧಯಂತ್ರ, ಜಾಲವಾಣಿಜ್ಯ ಮತ್ತು ಶಿಫಾರಸು ತಾಣಗಳನ್ನು ಕುರಿತ ಒಂದು ವಿವೇಚನೆ)

ಪೀಠಿಕೆ

ಹುಮನಾಬಾದು ಹೆದ್ದಾರಿಗಳು ಕೂಡುವ ಊರು. ಪುಣೆ, ಸೊಲ್ಲಾಪುರಗಳ ಕಡೆಯಿಂದ ಹೈದರಾಬಾದಿಗೆ ಸಾಗುವ ೬೫ನೆಯ ರಾಷ್ಟ್ರೀಯ ಹೆದ್ದಾರಿಯೂ, ನಾಂದೇಡ, ಬೀದರಗಳಿಂದ ಕಲಬುರಗಿ, ವಿಜಯಪುರಗಳತ್ತ ಇಳಿಯುವ ೫೦ನೆಯ ರಾಷ್ಟ್ರೀಯ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಇಂಥ ಕೂಡುದಾರಿಯಲ್ಲಿ ಬಸ್ಸಿನಿಂದ ಇಳಿದ ಪರಸ್ಥಳದವನು ಮೊದಲು ಮಾಡುವ ಕೆಲಸವೆಂದರೆ ದಾರಿ ಕೇಳುವುದು. ಬೇಳೆಯ ಗಿರಣಿ ಎಲ್ಲಿದೆ, ಅರಿವೆಯ ಅಂಗಡಿ ಯಾವ ಓಣಿಯಲ್ಲಿದೆ ಎಂದು ಅವನು ಕೇಳುತ್ತಾನೆ. ಕಟ್ಟೆಯ ಮೇಲೆ ಕುಳಿತವನು ಕೈ ಚಾಚಿ ತೋರಿಸುತ್ತಾನೆ. ಕೇಳಿದವನು ಆ ಮಾತನ್ನು ಪರೀಕ್ಷಿಸಲು ಹೋಗುವುದಿಲ್ಲ. ತೋರಿಸಿದವನಿಗೆ ಅದರಿಂದ ಬರುವ ಲಾಭವೇನೂ ಇಲ್ಲವೆಂಬುದೇ ಆ ನಂಬಿಕೆಗೆ ಆಧಾರ. ಒಂದು ವೇಳೆ ಆ ಕಟ್ಟೆಯವನೇ ಅರಿವೆಯ ಅಂಗಡಿಯೊಂದನ್ನು ತೆರೆದನೆಂದರೆ, ಅಥವಾ ಹಣ ಕೊಟ್ಟವರ ಅಂಗಡಿಯನ್ನೇ ಮೊದಲು ತೋರಿಸತೊಡಗಿದನೆಂದರೆ, ಚಾಚಿದ ಕೈ ಮೊದಲಿನಂತೆಯೇ ಕಂಡರೂ ಅದರ ಅರ್ಥ ಬೇರೆಯಾಗುತ್ತದೆ.

ಇಂದಿನ ಜಾಲವಾಣಿಜ್ಯದಲ್ಲಿ, ಅಂದರೆ ಮನೆಯಲ್ಲಿ ಕುಳಿತು ಮೊಬೈಲಿನ ಮೂಲಕ ಕೊಳ್ಳುವ ವ್ಯವಹಾರದಲ್ಲಿ, ಇದೇ ಸಂಗತಿಯು ಜಗದ್ವ್ಯಾಪಕವಾಗಿ ನಡೆದಿದೆ. ಶಾಲೆಯಿಂದ ಹೊರಬಿದ್ದ ಅನೇಕ ತರುಣರು ಈ ಕ್ಷೇತ್ರದಲ್ಲಿ ಜೀವನೋಪಾಯವನ್ನು ಹುಡುಕುತ್ತಿರುವುದರಿಂದಲೂ, ಊರಿನ ವರ್ತಕರು ಇದರ ಪರಿಣಾಮವನ್ನು ತಮ್ಮ ಗಲ್ಲಾಪೆಟ್ಟಿಗೆಯಲ್ಲಿ ಕಾಣುತ್ತಿರುವುದರಿಂದಲೂ, ವಿಷಯದ ಸ್ವರೂಪವನ್ನು ಅಧ್ಯಾಪಕರೂ ಪಾಲಕರೂ ಅರಿತಿರುವುದು ಅವಶ್ಯ. ಅದನ್ನು ಯಥಾಮತಿ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ‘ದಲಾಲಿ’ ಎಂಬ ಶಬ್ದ

ಮೊದಲಿಗೆ ಒಂದು ಶಬ್ದವಿಚಾರ. ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಈ ಪ್ರಾಂತದಲ್ಲಿ ‘ದಲಾಲಿ’ ಎಂಬ ಮಾತು ಅಡತಿಯ ಅಂಗಡಿಗಳಲ್ಲಿ ನಿತ್ಯವೂ ಕೇಳಿಬರುತ್ತದೆ. ಸಾಮಾನ್ಯ ಬಳಕೆಯಲ್ಲಿ ಇದಕ್ಕೆ ತುಸು ತಿರಸ್ಕಾರದ ಛಾಯೆ ಅಂಟಿಕೊಂಡಿದೆ. ಆದರೆ ಅದರ ಮೂಲವು ಅಂಥದಲ್ಲ. ಅರಬ್ಬೀ ಭಾಷೆಯಲ್ಲಿ ‘ದಾರಿ ತೋರಿಸು, ನಿರ್ದೇಶಿಸು’ ಎಂಬ ಅರ್ಥವುಳ್ಳ ಧಾತುವಿನಿಂದ ‘ದಲ್ಲಾಲ್’ ಎಂಬ ಪದವು ಹುಟ್ಟಿದೆ. ಮಾರ್ಗದರ್ಶಿ, ಪ್ರಮಾಣ, ಸಾಕ್ಷ್ಯ ಎಂಬ ಅರ್ಥಗಳಲ್ಲಿ ಉರ್ದುವಿನಲ್ಲಿ ಬಳಕೆಯಾಗುವ ‘ದಲೀಲ್’ ಎಂಬುದೂ ಅದೇ ಧಾತುವಿನ ಸಂತಾನ. ಎಂದರೆ ಮೂಲಾರ್ಥದಲ್ಲಿ ದಲಾಲನೆಂದರೆ ಕೊಳ್ಳುವವನಿಗೆ ಮಾರುವವನನ್ನೂ ಮಾರುವವನಿಗೆ ಕೊಳ್ಳುವವನನ್ನೂ ತೋರಿಸಿಕೊಡುವವನು. ದಾರಿ ತೋರಿಸುವುದೇ ಅವನ ಕಾಯಕ. ಆ ಶ್ರಮಕ್ಕೆ ಸಲ್ಲುವ ಕೂಲಿಯೇ ದಲಾಲಿ.

ಹಾದಿ ತೋರುವ ಕೆಲಸಕ್ಕೆ ಕೂಲಿ ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ತೋರಿಸುವುದನ್ನು ನೇರವಾಗಿ ತೋರಿಸಬೇಕು, ಪಡೆಯುವುದನ್ನು ಬಹಿರಂಗವಾಗಿ ಪಡೆಯಬೇಕು ಎಂಬುದಷ್ಟೇ ಆ ಕಸುಬಿನ ನಿಯಮ. ಮುಂದೆ ಹೇಳುವ ಸಮಸ್ತ ಸಂಗತಿಗಳಿಗೂ ಇದೇ ಅಳತೆಗೋಲು.

೨. ಶಿಫಾರಸು ತಾಣದ ಕಸುಬು

ಅಂತರ್ಜಾಲದಲ್ಲಿ ‘ಅಫಿಲಿಯೇಟ್’ ಎಂದು ಕರೆಯಲ್ಪಡುವ ತಾಣಗಳನ್ನು ಇಲ್ಲಿ ‘ಶಿಫಾರಸು ತಾಣ’ಗಳೆಂದು ಕರೆಯಲಾಗಿದೆ. ಇವು ತಮ್ಮದೇ ಆದ ಯಾವ ಸರಕನ್ನೂ ಮಾರುವುದಿಲ್ಲ. ಪಂಪ್‌ಸೆಟ್ಟು, ಮಿಕ್ಸರು, ಪುಸ್ತಕ, ಮೊಬೈಲು ಇತ್ಯಾದಿ ವಸ್ತುಗಳ ಗುಣದೋಷಗಳನ್ನು ವಿವರಿಸಿ, ಇಂಥದನ್ನು ಇಂಥಲ್ಲಿ ಕೊಳ್ಳಬಹುದೆಂದು ಸೂಚಿಸಿ, ಆ ಅಂಗಡಿಗೆ ಹೋಗುವ ಕೊಂಡಿಯನ್ನು ಒದಗಿಸುತ್ತವೆ. ಓದುಗನು ಆ ಕೊಂಡಿಯನ್ನು ಒತ್ತಿ ಹೋಗಿ ವಸ್ತುವನ್ನು ಕೊಂಡರೆ ಅಂಗಡಿಯವರು ತಾಣದವನಿಗೆ ಒಂದು ಪಾಲನ್ನು ಕೊಡುತ್ತಾರೆ. ೫೦೦ ರೂಪಾಯಿಯ ಪುಸ್ತಕಕ್ಕೆ ನೂರಕ್ಕೆ ೫ರಂತೆ ದಲಾಲಿ ಗೊತ್ತಾಗಿದ್ದರೆ ತಾಣದವನಿಗೆ ಬರುವುದು ೨೫ ರೂಪಾಯಿ. ಒಂದೇ ವಸ್ತುವಿನ ಬೆಲೆಯು ಬೇರೆ ಬೇರೆ ಅಂಗಡಿಗಳಲ್ಲಿ ಎಷ್ಟೆಷ್ಟಿದೆಯೆಂದು ಪಟ್ಟಿ ಮಾಡಿ ತೋರಿಸುವ ‘ಬೆಲೆ ತುಲನೆ’ಯ ತಾಣಗಳೂ ಇವುಗಳ ಸಮೀಪದ ಬಂಧುಗಳೇ.

ಈ ಪದ್ಧತಿಗೆ ವ್ಯಾಪಕ ರೂಪವನ್ನು ಕೊಟ್ಟದ್ದು ಅಮೆರಿಕದ ಅಮೆಜಾನ್ ಸಂಸ್ಥೆ. ೧೯೯೬ರ ಜುಲೈಯಲ್ಲಿ ಅದು ‘ಅಸೋಸಿಯೇಟ್ಸ್’ ಎಂಬ ಯೋಜನೆಯನ್ನು ಆರಂಭಿಸಿ, ಯಾರ ತಾಣದಿಂದ ಗಿರಾಕಿ ಬಂದನೋ ಅವರಿಗೆ ಪಾಲು ಕೊಡತೊಡಗಿತು. ಬಂಡವಾಳವಿಲ್ಲದವನಿಗೂ ಇದೊಂದು ಬಾಗಿಲನ್ನು ತೆರೆಯಿತು. ಗೋದಾಮು ಬೇಡ, ಹಮಾಲರು ಬೇಡ, ಪೇಟೆಯಲ್ಲಿ ಮಳಿಗೆ ಬೇಡ. ವಸ್ತುವನ್ನು ಕುರಿತ ತಿಳಿವಳಿಕೆಯೂ ಬರೆಯುವ ಶ್ರದ್ಧೆಯೂ ಇದ್ದರೆ ಸಾಕು. ಹುಮನಾಬಾದಿನಂಥ ತಾಲೂಕು ಸ್ಥಳದಲ್ಲಿ ಕುಳಿತ ತರುಣನೂ ಮುಂಬಯಿಯ ಗಿರಾಕಿಗೆ ಹಾದಿ ತೋರಬಹುದು. ಈ ಕಸುಬಿನ ಆಕರ್ಷಣೆ ಇರುವುದು ಇಲ್ಲಿಯೇ.

ಆದರೆ ಇದರಲ್ಲಿ ಒಂದು ದೌರ್ಬಲ್ಯವೂ ಅಡಗಿತ್ತು. ಗಿರಾಕಿಯು ಶಿಫಾರಸು ತಾಣದ ಹೆಸರನ್ನು ತಿಳಿದು ಅಲ್ಲಿಗೆ ಬರುವುದು ಅಪರೂಪ. ಅವನು ಮೊದಲು ಗೂಗಲ್‌ನಂಥ ಶೋಧಯಂತ್ರವನ್ನು ಕೇಳುತ್ತಾನೆ. ಶೋಧಯಂತ್ರವು ಶಿಫಾರಸು ತಾಣವನ್ನು ತೋರಿಸುತ್ತದೆ. ತಾಣವು ಅಂಗಡಿಯನ್ನು ತೋರಿಸುತ್ತದೆ. ಹೀಗೆ ಹಾದಿ ತೋರುವವರು ಒಬ್ಬರ ಹಿಂದೊಬ್ಬರು ನಿಂತಿರುವ ಸಾಲಿನಲ್ಲಿ ಮುಂದೆ ನಿಂತವನು ಕೈ ತಿರುಗಿಸಿದರೆ ಹಿಂದಿನವನ ಜೀವನವೇ ನಿಲ್ಲುತ್ತದೆ. ಪರರ ಕಟ್ಟೆಯ ಮೇಲೆ ಕುಳಿತವನಿಗೆ ಆ ಕಟ್ಟೆಯು ತನ್ನದಲ್ಲವೆಂಬ ಅರಿವು ಸದಾ ಇರಬೇಕಾಗುತ್ತದೆ.

೩. ಶೋಧಯಂತ್ರವು ಪೇಟೆಗೆ ಇಳಿದ ಬಗೆ

೧೯೯೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಗೂಗಲ್ ಸಂಸ್ಥೆಯು ತನ್ನ ಶೋಧಯಂತ್ರದ ನಿಷ್ಪಕ್ಷಪಾತದಿಂದಲೇ ಜನಮನ್ನಣೆ ಪಡೆಯಿತು. ಕೇಳಿದ ಪ್ರಶ್ನೆಗೆ ಅತ್ಯಂತ ಸಂಗತವಾದ ತಾಣ ಯಾವುದೋ ಅದನ್ನು ಮೊದಲು ತೋರಿಸುವುದು ಅದರ ಪ್ರತಿಜ್ಞೆ. ೨೦೦೨ರ ಡಿಸೆಂಬರಿನಲ್ಲಿ ಅದು ‘ಫ್ರೂಗಲ್’ ಎಂಬ ಹೆಸರಿನಿಂದ ಸರಕುಗಳನ್ನೂ ಬೆಲೆಗಳನ್ನೂ ಹುಡುಕಿಕೊಡುವ ಸೇವೆಯನ್ನು ತೆರೆಯಿತು. ಮಿತವ್ಯಯಿ ಎಂಬರ್ಥದ ಆಂಗ್ಲ ಪದವನ್ನು ತನ್ನ ಹೆಸರಿನೊಡನೆ ಬೆಸೆದ ಶ್ಲೇಷೆ ಇದು. ವರ್ತಕರಿಂದ ಆಗ ಅದಕ್ಕೆ ಹಣ ಪಡೆಯುತ್ತಿರಲಿಲ್ಲ. ೨೦೦೭ರಲ್ಲಿ ಹೆಸರು ಬದಲಾಯಿತು. ೨೦೧೨ರಲ್ಲಿ ಸ್ವಭಾವವೇ ಬದಲಾಯಿತು. ಆ ವರ್ಷ ಅಮೆರಿಕದಲ್ಲಿ ‘ಗೂಗಲ್ ಶಾಪಿಂಗ್’ ಎಂಬ ಹೆಸರನ್ನು ತಳೆದ ಈ ಸೇವೆಯಲ್ಲಿ ಹಣ ಕೊಟ್ಟ ವರ್ತಕರ ಸರಕುಗಳಿಗೆ ಮಾತ್ರ ಸ್ಥಾನ ದೊರೆಯುವಂತಾಯಿತು.

೨೦೧೩ರಲ್ಲಿ ಆ ಸಂಸ್ಥೆಯು ಅಮೆರಿಕದ ಕೆಲವು ಪ್ರದೇಶಗಳಲ್ಲಿ ಅಂಗಡಿಗಳ ಸರಕನ್ನು ಮನೆಗಳಿಗೆ ತಲುಪಿಸುವ ಕೆಲಸಕ್ಕೂ ಕೈಹಾಕಿತು. ಶೋಧದ ಪುಟದಿಂದ ಹೊರಹೋಗದೆ ಅಲ್ಲಿಯೇ ಹಣ ಪಾವತಿಸಿ ಕೊಳ್ಳುವ ಏರ್ಪಾಡನ್ನೂ ಮಾಡಿ, ೨೦೨೦ರಲ್ಲಿ ಅದರ ದಲಾಲಿಯನ್ನು ರದ್ದುಪಡಿಸಿ, ೨೦೨೩ರಲ್ಲಿ ಆ ಏರ್ಪಾಡನ್ನೇ ನಿಲ್ಲಿಸಿತು. ಅದೇ ೨೦೨೦ರಲ್ಲಿ ಹಣ ಕೊಡದ ವರ್ತಕರ ಸರಕುಗಳಿಗೂ ಶಾಪಿಂಗ್ ಪುಟದಲ್ಲಿ ಮತ್ತೆ ಸ್ಥಾನ ಕಲ್ಪಿಸಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಹುಮಟ್ಟಿಗೆ ಈ ಸಂಸ್ಥೆಯು ಸರಕನ್ನು ತಾನೇ ಕೊಂಡು ಮಾರುವ ವರ್ತಕನಾಗಲಿಲ್ಲ. ಸಂತೆಯ ಮುಂಚೂಣಿಯ ಜಾಗವನ್ನು ಬಾಡಿಗೆಗೆ ಕೊಡುವ ಒಡೆಯನಾಯಿತು. ಶಿಫಾರಸು ತಾಣಗಳ ದೃಷ್ಟಿಯಿಂದ ಫಲವು ಒಂದೇ. ಮೊದಲು ತಮ್ಮ ಕಡೆಗೆ ಕೈ ತೋರಿಸುತ್ತಿದ್ದವನು ಈಗ ಸರಕಿನ ಚಿತ್ರವನ್ನೂ ಬೆಲೆಯನ್ನೂ ತನ್ನ ಪುಟದಲ್ಲಿಯೇ ಇಟ್ಟು ಗಿರಾಕಿಯನ್ನು ನೇರವಾಗಿ ಅಂಗಡಿಗೆ ಕಳುಹಿಸತೊಡಗಿದನು. ನಡುವೆ ನಿಂತಿದ್ದವನ ಅಗತ್ಯವೇ ಇಲ್ಲದಾಯಿತು.

೪. ಫೌಂಡೆಮ್ ಪ್ರಕರಣ

ಈ ಪಲ್ಲಟದಿಂದ ನೊಂದವರಲ್ಲಿ ಹೋರಾಟಕ್ಕೆ ನಿಂತು ಇತಿಹಾಸದಲ್ಲಿ ಹೆಸರು ಉಳಿಸಿದವರು ಇಂಗ್ಲೆಂಡಿನ ಆ್ಯಡಮ್ ರಾಫ್ ಮತ್ತು ಶಿವಾನ್ ರಾಫ್ ದಂಪತಿಗಳು. ೨೦೦೬ರಲ್ಲಿ ಅವರು ‘ಫೌಂಡೆಮ್’ ಎಂಬ ಬೆಲೆ ತುಲನೆಯ ತಾಣವನ್ನು ತೆರೆದರು. ಸ್ವಲ್ಪಕಾಲದಲ್ಲಿಯೇ ಗೂಗಲ್‌ನ ಸಾಲಿನಲ್ಲಿ ಅದು ಯಾರ ಕಣ್ಣಿಗೂ ಬೀಳದಷ್ಟು ಕೆಳಗೆ ಜಾರಿತು. ೨೦೦೯ರಲ್ಲಿ ಅವರು ಐರೋಪ್ಯ ಆಯೋಗಕ್ಕೆ ದೂರಿತ್ತರು. ೨೦೧೦ರ ನವೆಂಬರಿನಲ್ಲಿ ವಿಚಾರಣೆ ಆರಂಭವಾಯಿತು. ೨೦೧೭ರ ಜೂನ್ ೨೭ರಂದು ಆಯೋಗವು ಗೂಗಲ್‌ಗೆ ೨೪೨ ಕೋಟಿ ಯೂರೊಗಳ ದಂಡವನ್ನು ವಿಧಿಸಿತು. ತನ್ನ ಬೆಲೆ ತುಲನೆಯ ಸೇವೆಯನ್ನು ಶಿಖರದಲ್ಲಿಟ್ಟು, ಪ್ರತಿಸ್ಪರ್ಧಿಗಳ ಸೇವೆಗಳನ್ನು ಕೆಳಗೆ ತಳ್ಳಿದ್ದೇ ಅಪರಾಧವೆಂದು ಅದು ನಿರ್ಣಯಿಸಿತು.

ಆಯೋಗವು ಪ್ರಕಟಿಸಿದ ಅಂಕಿಗಳು ಮನನೀಯವಾಗಿವೆ. ಶೋಧದ ಮೊದಲ ಪುಟದ ಹತ್ತು ಫಲಿತಗಳಿಗೆ ಜನರ ಒತ್ತುಗಳಲ್ಲಿ ನೂರಕ್ಕೆ ಸುಮಾರು ೯೫ ಸಲ್ಲುತ್ತವೆ. ಎರಡನೆಯ ಪುಟದ ಮೊದಲ ಫಲಿತಕ್ಕೆ ಸುಮಾರು ೧ ಮಾತ್ರ. ಪ್ರತಿಸ್ಪರ್ಧಿಗಳಲ್ಲಿ ಅತ್ಯುತ್ತಮ ಸ್ಥಾನ ಪಡೆದ ಸೇವೆಯೂ ಸರಾಸರಿಯಾಗಿ ನಾಲ್ಕನೆಯ ಪುಟದಲ್ಲಿ ಕಾಣುತ್ತಿತ್ತು. ಕೆಲವು ತಾಣಗಳಿಗೆ ಶೋಧಯಂತ್ರದಿಂದ ಬರುತ್ತಿದ್ದ ಜನಸಂಖ್ಯೆಯು ಇಂಗ್ಲೆಂಡಿನಲ್ಲಿ ನೂರಕ್ಕೆ ೮೫ರಷ್ಟೂ, ಜರ್ಮನಿಯಲ್ಲಿ ೯೨ರಷ್ಟೂ, ಫ್ರಾನ್ಸಿನಲ್ಲಿ ೮೦ರಷ್ಟೂ ಹಠಾತ್ತನೆ ಇಳಿಯಿತು. ಸಂತೆಯ ಭಾಷೆಯಲ್ಲಿ ಹೇಳುವುದಾದರೆ, ಅಂಗಡಿಗೆ ಬೀಗ ಹಾಕಲಿಲ್ಲ. ಅಂಗಡಿಯಿರುವ ಓಣಿಯನ್ನೇ ಮರೆಮಾಡಲಾಯಿತು.

ಗೂಗಲ್ ಸಂಸ್ಥೆಯ ವಾದವನ್ನೂ ಇಲ್ಲಿ ಹೇಳುವುದು ನ್ಯಾಯ. ಗಿರಾಕಿಗೆ ಎರಡು ಮೂರು ಮೆಟ್ಟಿಲು ಹತ್ತಿಸುವ ಬದಲು ಒಂದೇ ಮೆಟ್ಟಿಲಿನಲ್ಲಿ ಸರಕನ್ನು ತೋರಿಸುವುದು ಅನುಕೂಲವೇ ಹೊರತು ಅನ್ಯಾಯವಲ್ಲ; ಅಮೆಜಾನ್‌ನಂಥ ದೊಡ್ಡ ಅಂಗಡಿಗಳೇ ತನಗೆ ನಿಜವಾದ ಪ್ರತಿಸ್ಪರ್ಧಿಗಳು ಎಂಬುದು ಅದರ ಪಕ್ಷ. ನ್ಯಾಯಾಲಯಗಳು ಈ ಪಕ್ಷವನ್ನು ಒಪ್ಪಲಿಲ್ಲ. ಐರೋಪ್ಯ ಸಾಮಾನ್ಯ ನ್ಯಾಯಾಲಯವು ೨೦೨೧ರ ನವೆಂಬರ್ ೧೦ರಂದೂ, ಅಂತಿಮವಾಗಿ ಐರೋಪ್ಯ ನ್ಯಾಯಾಲಯವು ೨೦೨೪ರ ಸೆಪ್ಟೆಂಬರ್ ೧೦ರಂದೂ ದಂಡವನ್ನು ಎತ್ತಿಹಿಡಿದವು. ದೊಡ್ಡದಾಗಿರುವುದು ತಪ್ಪಲ್ಲ, ದೊಡ್ಡತನವನ್ನು ದುರ್ಬಳಕೆ ಮಾಡುವುದು ತಪ್ಪು ಎಂಬುದು ಆ ತೀರ್ಪಿನ ಸಾರ. ಆದರೆ ಈ ಜಯದ ಸವಿಯನ್ನು ಫೌಂಡೆಮ್ ಉಣ್ಣಲಿಲ್ಲ. ತೀರ್ಪು ಬರುವುದಕ್ಕೆ ಮುಂಚೆ, ೨೦೧೬ರಲ್ಲಿಯೇ ಅದು ಮುಚ್ಚಿಹೋಗಿತ್ತು. ದೂರಿನಿಂದ ಅಂತಿಮ ತೀರ್ಪಿನವರೆಗೆ ೧೫ ವರ್ಷಗಳು ಕಳೆದವು. ವ್ಯಾಪಾರಕ್ಕೆ ಅಷ್ಟು ದೀರ್ಘವಾದ ಆಯುಷ್ಯವಿರುವುದಿಲ್ಲ.

೫. ಭಾರತದಲ್ಲಿಯೂ ಕರ್ನಾಟಕದಲ್ಲಿಯೂ

ಇದು ಕೇವಲ ಪರದೇಶದ ಕಥೆಯಲ್ಲ. ಬೆಂಗಳೂರಿನಲ್ಲಿ ೨೦೦೭ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬ ತರುಣರಿಬ್ಬರು ಫ್ಲಿಪ್‌ಕಾರ್ಟನ್ನು ಸ್ಥಾಪಿಸಿದರು. ಅವರು ಮೊದಲು ಆಲೋಚಿಸಿದ್ದು ಬೆಲೆ ತುಲನೆಯ ತಾಣವನ್ನೇ. ತುಲನೆ ಮಾಡಲು ಬೇಕಾದಷ್ಟು ಜಾಲದಂಗಡಿಗಳೇ ದೇಶದಲ್ಲಿ ಆಗ ಇರಲಿಲ್ಲವಾದ ಕಾರಣ ಅವರು ತಾವೇ ಪುಸ್ತಕದ ಅಂಗಡಿಯನ್ನು ಹೂಡಿದರು. ಹುಮನಾಬಾದಿಗೆ ದೂರವೇನಲ್ಲದ ಮೆಹಬೂಬ್‌ನಗರದಿಂದ ಅವರಿಗೆ ಮೊದಲ ಪುಸ್ತಕದ ಬೇಡಿಕೆ ಬಂದಿತು. ಹಾದಿ ತೋರಬೇಕೆಂದು ಹೊರಟವರು ಅಂಗಡಿಕಾರರಾದುದಕ್ಕೆ ಕನ್ನಡನಾಡಿನಲ್ಲಿಯೇ ದೊರೆಯುವ ನಿದರ್ಶನ ಇದು. ಇದರಲ್ಲಿ ದೋಷವೇನೂ ಇಲ್ಲ; ಏಕೆಂದರೆ ಅವರು ಅಂಗಡಿಯೆಂದೇ ಹೇಳಿಕೊಂಡು ಅಂಗಡಿ ತೆರೆದರು. ೨೦೧೩ರ ಜೂನ್‌ನಲ್ಲಿ ಅಮೆಜಾನ್ ಭಾರತಕ್ಕೆ ಕಾಲಿಟ್ಟಿತು. ಈ ಅಂಗಡಿಗಳು ಬೆಳೆದಂತೆ ಅವುಗಳಿಂದ ದಲಾಲಿ ಪಡೆಯುವ ಶಿಫಾರಸು ತಾಣಗಳೂ ದೇಶದ ಊರೂರುಗಳಲ್ಲಿ ಬೆಳೆದವು.

ಶೋಧಯಂತ್ರದ ಪಕ್ಷಪಾತವನ್ನು ಕುರಿತ ದೂರುಗಳು ಭಾರತದ ಸ್ಪರ್ಧಾ ಆಯೋಗದ ಮುಂದೆಯೂ ೨೦೧೨ರಲ್ಲಿ ಬಂದವು. ಚೆನ್ನೈಯ ವಿವಾಹ ಸಂಬಂಧಗಳ ತಾಣವೊಂದರ ಸಂಸ್ಥೆಯೂ ಜೈಪುರದ ಗ್ರಾಹಕ ಸಂಘಟನೆಯೊಂದೂ ದೂರುದಾರರು. ೨೦೧೮ರ ಫೆಬ್ರವರಿ ೮ರಂದು ಆಯೋಗವು ೧೩೫.೮೬ ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಎಲ್ಲ ಆರೋಪಗಳೂ ಸಿದ್ಧವಾಗಲಿಲ್ಲ. ಆದರೆ ವಿಮಾನಯಾನದ ಶೋಧದಲ್ಲಿ ಗೂಗಲ್ ತನ್ನ ಸೇವೆಗೆ ಪ್ರಧಾನ ಸ್ಥಳವನ್ನೂ ಅತಿಯಾದ ಜಾಗವನ್ನೂ ಕೊಟ್ಟುಕೊಂಡದ್ದು ಸರಿಯಲ್ಲವೆಂದು ಆಯೋಗದ ಬಹುಮತವು ಹೇಳಿತು. ಇಬ್ಬರು ಸದಸ್ಯರು ಇದಕ್ಕೆ ಭಿನ್ನಾಭಿಪ್ರಾಯವನ್ನು ಸೂಚಿಸಿದರು.

ಅದೇ ೨೦೧೮ರ ಡಿಸೆಂಬರಿನಲ್ಲಿ ಗೂಗಲ್ ಶಾಪಿಂಗ್ ಭಾರತದಲ್ಲಿ ಆರಂಭವಾಯಿತು. ೨೦೨೦ರ ಜುಲೈಯಲ್ಲಿ ಗೂಗಲ್ ಸಂಸ್ಥೆಯು ರಿಲಯನ್ಸ್ ಬಳಗದ ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ ೩೩,೭೩೭ ಕೋಟಿ ರೂಪಾಯಿಗಳನ್ನು ತೊಡಗಿಸಿ ನೂರಕ್ಕೆ ೭.೭೩ರ ಪಾಲನ್ನು ಪಡೆಯುವುದಾಗಿ ಪ್ರಕಟಿಸಿತು. ದೇಶದ ಅತಿದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯೂ ಅದೇ ಬಳಗದ್ದು. ೨೦೨೪ರ ಮೇ ತಿಂಗಳಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟಿನಲ್ಲಿಯೂ ಗೂಗಲ್ ಅಲ್ಪಪಾಲಿನ ಹೂಡಿಕೆದಾರನಾಗಲಿರುವುದು ಪ್ರಕಟವಾಯಿತು. ಹಾದಿ ತೋರುವವನಿಗೂ ಅಂಗಡಿಗೂ ನಡುವೆ ಇದ್ದ ಗೋಡೆಯು ಹೀಗೆ ಒಂದೊಂದೇ ಕಲ್ಲಾಗಿ ಸಡಿಲವಾಗುತ್ತಿರುವುದನ್ನು ಇಲ್ಲಿ ಕಾಣಬಹುದು.

೬. ಶಿಫಾರಸು ತಾಣಗಳ ಸ್ವಂತ ದೋಷ

ಹಾಗೆಂದು ಎಲ್ಲ ಹೊಣೆಯನ್ನೂ ದೊಡ್ಡವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸತ್ಯಕ್ಕೆ ದೂರವಾದೀತು. ಶಿಫಾರಸು ತಾಣಗಳಲ್ಲಿ ಬಹುಪಾಲು ವಸ್ತುವನ್ನು ಕಣ್ಣಿನಿಂದ ನೋಡದೆಯೇ ಅದರ ಗುಣಗಾನ ಮಾಡುತ್ತಿದ್ದವು. ತಯಾರಕರು ಕೊಟ್ಟ ವಿವರಣೆಯನ್ನೇ ಪದಗಳನ್ನು ಹಿಂದುಮುಂದು ಮಾಡಿ ಬರೆದು, ದಲಾಲಿ ಹೆಚ್ಚಿರುವ ವಸ್ತುವಿಗೆ ಅಗ್ರಸ್ಥಾನ ಕೊಡುತ್ತಿದ್ದವು. ತಮಗೆ ದಲಾಲಿ ಸಲ್ಲುತ್ತದೆಂಬುದನ್ನು ಓದುಗನಿಗೆ ತಿಳಿಸುತ್ತಿರಲಿಲ್ಲ. ಇಂಥ ಪೊಳ್ಳು ತಾಣಗಳನ್ನು ಕೆಳಗಿಳಿಸುವುದಕ್ಕಾಗಿ ಗೂಗಲ್ ೨೦೧೧ರ ಫೆಬ್ರವರಿಯಲ್ಲಿ ‘ಪಾಂಡಾ’ ಎಂಬ ಹೆಸರಿನ ಮಾರ್ಪಾಡನ್ನು ಜಾರಿಗೆ ತಂದಿತು. ೨೦೨೧ರ ಏಪ್ರಿಲ್‌ನಲ್ಲಿ, ವಸ್ತುವನ್ನು ಆಳವಾಗಿ ಪರಿಶೀಲಿಸಿ ಬರೆದ ವಿಮರ್ಶೆಗಳಿಗೆ ಆದ್ಯತೆ ಕೊಡುವ ಮತ್ತೊಂದು ಮಾರ್ಪಾಡು ಬಂದಿತು. ೨೦೨೪ರಲ್ಲಿ, ಹೆಸರಾಂತ ಪತ್ರಿಕೆಗಳ ತಾಣಗಳ ಆಸರೆಯಲ್ಲಿ ಪರರು ನಡೆಸುತ್ತಿದ್ದ ರಿಯಾಯಿತಿ ಪುಟಗಳ ಮೇಲೂ ಕ್ರಮ ಆರಂಭವಾಯಿತು. ಓದುಗನ ಹಿತದ ದೃಷ್ಟಿಯಿಂದ ಇವು ಸ್ವಾಗತಾರ್ಹವೇ. ಆದರೆ ನಿಯಮ ಮಾಡುವವನೂ ನಿರ್ಣಯಿಸುವವನೂ ಅದೇ ಸಂತೆಯ ಪಾಲುದಾರನೂ ಒಬ್ಬನೇ ಆದಾಗ, ಪೊಳ್ಳಿನೊಡನೆ ಗಟ್ಟಿಕಾಳೂ ತೂರಿಹೋಗುವ ಭಯ ತಪ್ಪಿದ್ದಲ್ಲ.

ಇನ್ನೊಂದು ಕಡೆಯಿಂದ ಅಂಗಡಿಗಳೂ ಕೈಬಿಗಿ ಮಾಡಿದವು. ೨೦೨೦ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ದಲಾಲಿಯ ದರಗಳನ್ನು ತಗ್ಗಿಸಿತು. ಪೀಠೋಪಕರಣಗಳಿಗೆ ನೂರಕ್ಕೆ ೮ ಇದ್ದದ್ದು ೩ಕ್ಕೆ ಇಳಿಯಿತು; ದಿನಸಿಗೆ ೫ ಇದ್ದದ್ದು ೧ಕ್ಕೆ ಇಳಿಯಿತು. ಒಂದೇ ದಿನದ ಪ್ರಕಟಣೆಯಿಂದ ಅನೇಕರ ಆದಾಯವು ಅರ್ಧಕ್ಕಿಂತಲೂ ಕೆಳಗೆ ಕುಸಿಯಿತು. ೨೦೨೪ರ ಆಗಸ್ಟಿನಲ್ಲಿ ಕೃತಕ ಬುದ್ಧಿಮತ್ತೆಯಿಂದ ಉತ್ತರವನ್ನೇ ಸಂಗ್ರಹಿಸಿ ಕೊಡುವ ಗೂಗಲ್‌ನ ಸೌಲಭ್ಯವು ಭಾರತದಲ್ಲಿ ಇಂಗ್ಲಿಷ್ ಹಾಗೂ ಹಿಂದಿ ಭಾಷೆಗಳಲ್ಲಿ ಆರಂಭವಾಯಿತು. ಕೇಳಿದವನಿಗೆ ಉತ್ತರವು ಶೋಧದ ಪುಟದಲ್ಲಿಯೇ ದೊರೆತ ಮೇಲೆ ಅವನು ಆ ಉತ್ತರಕ್ಕೆ ಮೂಲವಾದ ತಾಣದವರೆಗೆ ಹೋಗುವ ಅವಶ್ಯಕತೆ ಕಡಮೆಯಾಗುತ್ತದೆ. ಪಕ್ಕದ ಹೊಲದ ಕಾಳನ್ನು ತಂದು ತನ್ನ ಕಣದಲ್ಲಿ ರಾಶಿ ಮಾಡಿದಂತೆ ಇದೆಂದು ತಾಣದವರು ನೊಂದು ಹೇಳುವುದರಲ್ಲಿ ಸತ್ಯಾಂಶವಿಲ್ಲದಿಲ್ಲ.

೭. ಸಂತೆಯ ಹಳೆಯ ನೀತಿ

ಈ ಸಮಸ್ಯೆಯು ಹೊಸ ವೇಷವನ್ನು ತೊಟ್ಟಿದ್ದರೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸರಕುಗಳ ವ್ಯಾಪಾರವನ್ನು ನೋಡಿಕೊಳ್ಳುವ ಪಣ್ಯಾಧ್ಯಕ್ಷನೂ ತೂಕ ಅಳತೆಗಳನ್ನು ನೋಡಿಕೊಳ್ಳುವ ಪೌತವಾಧ್ಯಕ್ಷನೂ ಬೇರೆ ಬೇರೆ ಅಧಿಕಾರಿಗಳೆಂದು ನಿರೂಪಿತವಾಗಿದೆ. ಮಾರುವ ಕೈಯೂ ತೂಗುವ ಕೈಯೂ ಒಂದಾಗಿರಕೂಡದೆಂಬ ವಿವೇಕವನ್ನು ಈ ವಿಭಾಗದಲ್ಲಿ ಕಾಣಬಹುದು. ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡ ಚಾಲುಕ್ಯರ ಕಾಲದಲ್ಲಿ ದೇಶಾಂತರಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಅಯ್ಯಾವೊಳೆಯ ಐನೂರ್ವರು ‘ವೀರಬಣಂಜು ಧರ್ಮ’ವನ್ನು ಪಾಲಿಸುವವರೆಂದು ಶಾಸನಗಳಲ್ಲಿ ವರ್ಣಿತರಾಗಿದ್ದಾರೆ. ವಾಣಿಜ್ಯಕ್ಕೆ ಲಾಭವಲ್ಲದೆ ಒಂದು ಧರ್ಮವೂ ಉಂಟೆಂದು ಆ ವರ್ತಕರು ತಮ್ಮ ಹೆಸರಿನ ಜೊತೆಗೇ ಕೆತ್ತಿಸಿಕೊಂಡಿದ್ದರು.

ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆಗಳ ೧೯೬೬ರ ಕಾಯಿದೆಯು ವ್ಯಾಪಾರಿ, ದಲಾಲ, ತೂಕದವನು, ಹಮಾಲ ಎಂದು ಕಸುಬುಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಪರವಾನಗಿಯನ್ನು ಗೊತ್ತುಪಡಿಸಿತು. ೨೦೧೪ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯು ಆರಂಭವಾಗಿ, ತೊಗರಿಯಂಥ ಸರಕಿಗೆ ದೂರದ ಊರಿನ ಖರೀದಿದಾರನೂ ಗಣಕಯಂತ್ರದ ಮೂಲಕ ಸವಾಲು ಕೂಗುವಂತಾಯಿತು. ಆ ವೇದಿಕೆಯನ್ನು ನಡೆಸಲು ರಾಜ್ಯ ಸರಕಾರದ ಸಹಭಾಗಿತ್ವದಲ್ಲಿ ಹುಟ್ಟಿದ ಸಂಸ್ಥೆಯು ರೈತನ ತೊಗರಿಯನ್ನು ತಾನೇ ಕೊಳ್ಳುವ ಖರೀದಿದಾರನಲ್ಲ. ಜಾಲವು ಬಂದರೂ ಕಟ್ಟೆಯೇ ಬೇರೆ, ಅಂಗಡಿಯೇ ಬೇರೆ ಎಂಬ ವ್ಯವಸ್ಥೆಯನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ತೊಗರಿಯ ಕಣಜವಾದ ಈ ಭಾಗದ ರೈತರಿಗೆ ಪರಿಚಿತವಾದ ದೃಷ್ಟಾಂತವಿದು.

ಆಧುನಿಕ ಶಾಸನಗಳೂ ಈ ವಿವೇಕದತ್ತ ಮರಳುತ್ತಿವೆ. ೨೦೧೮ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಹೊರಡಿಸಿ, ೨೦೧೯ರ ಫೆಬ್ರವರಿ ೧ರಿಂದ ಜಾರಿಗೆ ಬಂದ ಸೂಚನೆಯ ಪ್ರಕಾರ, ವಿದೇಶಿ ಬಂಡವಾಳವುಳ್ಳ ಜಾಲಸಂತೆಯು ತಾನು ಪಾಲು ಹೊಂದಿರುವ ಸಂಸ್ಥೆಯ ಸರಕನ್ನು ತನ್ನ ಸಂತೆಯಲ್ಲಿ ಮಾರಿಸುವಂತಿಲ್ಲ. ೨೦೨೦ರ ಗ್ರಾಹಕ ಸಂರಕ್ಷಣೆಯ ಜಾಲವಾಣಿಜ್ಯ ನಿಯಮಗಳು, ಸರಕುಗಳ ಹಿಂದುಮುಂದಿನ ಕ್ರಮವನ್ನು ಯಾವ ಮುಖ್ಯ ಆಧಾರಗಳ ಮೇಲೆ ನಿರ್ಧರಿಸಲಾಗುತ್ತದೆಂಬುದನ್ನು ಜಾಲಸಂತೆಗಳು ಸರಳವಾಗಿ ತಿಳಿಸಬೇಕೆಂದು ವಿಧಿಸಿವೆ. ಐರೋಪ್ಯ ಒಕ್ಕೂಟದ ಕಾಯಿದೆಯೊಂದು ಇಂಥ ಮಹಾಸಂಸ್ಥೆಗಳಿಗೆ ‘ದ್ವಾರಪಾಲಕ’ರೆಂದೇ ಹೆಸರಿಟ್ಟು, ಶೋಧದ ಸಾಲಿನಲ್ಲಿ ತಮ್ಮದನ್ನು ತಾವೇ ಮೇಲಿಡಕೂಡದೆಂದು ೨೦೨೪ರ ಮಾರ್ಚ್ ೭ರಿಂದ ನಿರ್ಬಂಧಿಸಿದೆ. ದ್ವಾರಪಾಲಕನು ಒಳಗೆ ಬಿಡಬೇಕಾದವರನ್ನು ಬಿಡಬೇಕೇ ಹೊರತು, ತಾನೇ ಸಿಂಹಾಸನವನ್ನು ಏರಬಾರದೆಂಬ ಭಾವ ಆ ಹೆಸರಿನಲ್ಲಿಯೇ ಇದೆ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂದು ಒಕ್ಕಲಿಗನು ಒಂದೇ ಮಾತಿನಲ್ಲಿ ಹೇಳುವುದನ್ನು ಶಾಸನಕರ್ತರು ಹತ್ತಾರು ವಿಧಿಗಳಲ್ಲಿ ಹೇಳಿದ್ದಾರೆ.

೮. ವಿದ್ಯಾರ್ಥಿಗೆ ಇದರ ಪಾಠ

ಶಾಸನಗಳು ರಕ್ಷಿಸಬಹುದು, ಆದರೆ ಫೌಂಡೆಮ್ ಪ್ರಕರಣದಲ್ಲಿ ಕಂಡಂತೆ ಅವು ನಿಧಾನವಾಗಿ ಬರುತ್ತವೆ. ಅಲ್ಲಿಯವರೆಗೆ ಈ ಕಸುಬಿನಲ್ಲಿ ತೊಡಗುವ ತರುಣನನ್ನು ಕಾಯುವುದು ಯಾವುದು? ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು.

ಬೀದರದ ಬಿದರಿ ಕಲೆಗೆ ೨೦೦೬ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇಬ್ಬರು ತರುಣರು ಬಿದರಿ ಸಾಮಾನುಗಳನ್ನು ಕುರಿತ ಶಿಫಾರಸು ತಾಣಗಳನ್ನು ತೆರೆದರೆಂದು ಭಾವಿಸಬಹುದು. ಒಬ್ಬನು ಹತ್ತು ಹೂದಾನಿಗಳ ಚಿತ್ರಗಳನ್ನೂ ಬೆಲೆಗಳನ್ನೂ ಇಟ್ಟು, ‘ಇಲ್ಲಿ ಕೊಳ್ಳಿರಿ’ ಎಂದು ಬರೆಯುತ್ತಾನೆ. ಇನ್ನೊಬ್ಬನು ಕುಶಲಕರ್ಮಿಗಳ ಬಳಿ ಕುಳಿತು ನೋಡುತ್ತ ಕಲಿಯುತ್ತಾನೆ. ಸತುವಿನಲ್ಲಿ ತಾಮ್ರವನ್ನು ಸ್ವಲ್ಪವೇ ಬೆರೆಸಿ ಎರಕ ಹೊಯ್ಯುವುದು ಹೇಗೆ, ಕೊರೆದ ಚಿತ್ತಾರದಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುವುದು ಹೇಗೆ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಲೋಹವು ಕಪ್ಪಾಗಿ ಬೆಳ್ಳಿಯು ಮಾತ್ರ ಬೆಳ್ಳಗೆ ಉಳಿಯುವುದು ಹೇಗೆ, ನಿಜವಾದ ಕೆಲಸವನ್ನು ಬಣ್ಣ ಬಳಿದ ಅನುಕರಣೆಯಿಂದ ಬೇರೆ ಮಾಡುವುದು ಹೇಗೆ ಎಂಬುದನ್ನು ತಿಳಿದು ಬರೆಯುತ್ತಾನೆ. ಕೊನೆಯಲ್ಲಿ ತನಗೆ ಇಂತಿಷ್ಟು ದಲಾಲಿ ಬರುತ್ತದೆಂದೂ ತಿಳಿಸುತ್ತಾನೆ.

ಶೋಧಯಂತ್ರವು ಬೆಲೆಗಳನ್ನು ತಾನೇ ತೋರಿಸತೊಡಗಿದ ದಿನ ಮೊದಲನೆಯವನಲ್ಲಿ ಉಳಿಯುವುದು ಏನೂ ಇಲ್ಲ. ಏಕೆಂದರೆ ಅವನು ಕೊಡುತ್ತಿದ್ದುದು ಬರಿಯ ಬೆಲೆಪಟ್ಟಿ. ಎರಡನೆಯವನಿಗೂ ನಷ್ಟ ತಟ್ಟುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ; ಬರುವವರ ಸಂಖ್ಯೆ ಕುಂದುತ್ತದೆ. ಆದರೆ ಅವನ ಹೆಸರನ್ನು ತಿಳಿದು ನೇರವಾಗಿ ಅವನನ್ನೇ ಹುಡುಕಿಕೊಂಡು ಬರುವ ಕೆಲವರಾದರೂ ಇರುತ್ತಾರೆ. ಅವನ ಕಟ್ಟೆಯು ಚಿಕ್ಕದಾದರೂ ಸ್ವಂತದ್ದು. ಹಾದಿ ತೋರುವ ಕೆಲಸವನ್ನು ಯಂತ್ರವು ಕಸಿದುಕೊಳ್ಳಬಲ್ಲುದು. ಹಾದಿಯನ್ನು ತಾನೇ ನಡೆದು ಬಂದವನ ಅನುಭವವನ್ನು ಅಷ್ಟು ಸುಲಭವಾಗಿ ಕಸಿದುಕೊಳ್ಳಲಾರದು.

ಅಧ್ಯಾಪಕರು ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆಗಳನ್ನು ರೂಢಿಮಾಡಿಸಬಹುದು. ಅಂತರ್ಜಾಲದಲ್ಲಿ ಯಾವುದೇ ಸಲಹೆಯನ್ನು ಕಂಡಾಗ, ಒಂದನೆಯದಾಗಿ, ಇದನ್ನು ತೋರಿಸುತ್ತಿರುವವರು ಯಾರು? ಎರಡನೆಯದಾಗಿ, ನಾನು ಆ ಕಡೆ ಹೋದರೆ ಅವರಿಗೆ ದೊರೆಯುವುದೇನು? ಮೂರನೆಯದಾಗಿ, ತೋರಿಸದೆ ಬಿಟ್ಟದ್ದು ಯಾವುದು? ಶೋಧದ ಪುಟದಲ್ಲಿ ‘ಪ್ರಾಯೋಜಿತ’ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿರುವುದನ್ನು ಓದುವ ಅಭ್ಯಾಸವೂ ಒಂದು ವಿದ್ಯೆಯೇ. ಕೊಳ್ಳುವವನಿಗೆ ಈ ಪ್ರಶ್ನೆಗಳು ಮೋಸದಿಂದ ರಕ್ಷೆ. ಮುಂದೆ ತಾನೇ ಸಲಹೆ ಕೊಡುವ ಸ್ಥಾನಕ್ಕೆ ಬರುವವನಿಗೆ ಇವೇ ಪ್ರಶ್ನೆಗಳು ಆತ್ಮಪರೀಕ್ಷೆ.

ಉಪಸಂಹಾರ

ಇಷ್ಟು ವಿವೇಚನೆಯಿಂದ ತಿಳಿದುಬರುವುದು ಇಷ್ಟು. ಹಾದಿ ತೋರುವುದು ಗೌರವದ ಕಸುಬು. ಅದರ ಬಂಡವಾಳ ನಂಬಿಕೆ. ಶೋಧಯಂತ್ರವು ಆ ನಂಬಿಕೆಯಿಂದ ಬೆಳೆದು, ಬೆಳೆದ ಮೇಲೆ ಸಂತೆಯಲ್ಲಿ ಪಾಲುಗಾರನಾಯಿತು. ಅದನ್ನು ಅಂಕೆಯಲ್ಲಿಡುವುದು ಶಾಸನದ ಕೆಲಸ. ಶಿಫಾರಸು ತಾಣಗಳು ಪರರ ಕಟ್ಟೆಯನ್ನೇ ತಮ್ಮದೆಂದು ಭ್ರಮಿಸಿದವು. ಸ್ವಂತ ತಿಳಿವಳಿಕೆಯ ಕಟ್ಟೆಯನ್ನು ಕಟ್ಟಿಕೊಳ್ಳುವುದು ಅವರ ಕೆಲಸ. ಇವೆರಡರಲ್ಲಿ ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಪ್ರಯೋಜನವಿಲ್ಲ.

ಕೂಡುದಾರಿಯ ಊರಾದ ಹುಮನಾಬಾದಿನಲ್ಲಿ ದಾರಿ ಕೇಳಿದವನಿಗೆ ನೇರವಾಗಿ ತೋರಿಸುವ ಪದ್ಧತಿಯು ಇಂದಿಗೂ ಉಳಿದಿದೆ. ಈ ಶಾಲೆಯಲ್ಲಿ ಕಲಿತು ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ಗಣಕಯಂತ್ರದ ಮುಂದೆ ಕುಳಿತಿರುವ ತರುಣರು, ಯಂತ್ರದ ಒಳಗಾಗಲಿ ಹೊರಗಾಗಲಿ, ಕೇಳುವವನು ಕಣ್ಣಿಗೆ ಕಾಣದವನಾಗಿದ್ದರೂ, ಅದೇ ಪದ್ಧತಿಯನ್ನು ನಡೆಸಿಕೊಂಡು ಬರಲೆಂದು ಆಶಿಸುವುದು ಅಸಂಗತವಾಗಲಾರದು.